ಟೆಟ್ರಾಸೈಕ್ಲಿನ್ ಬೆಲೆಯೂ ವಕೀಲರ ಜಾಹೀರಾತೂ

ನಮ್ಮ ಆಸ್ಪತ್ರೆಯ ಫಾರ್ಮಸಿಯಲ್ಲಿ ನಾವು ಇಬ್ಬರು ಕನ್ನಡಿಗರಿದ್ದೇವೆ. ಹೋದ ಚಳಿಗಾಲದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಊರ ಕಡೆಯವರೊಬ್ಬರು ಕಿಟಕಿಗೆ ಬಂದರು. ಮಾತ್ರೆ ಕೊಡುವಷ್ಟರಲ್ಲಿ ಮೊಬೈಲ್ ಮುಂದೆ ಹಿಡಿದು, "ಅಣ್ಣಾ, ಊರಲ್ಲಿ ಜಾಗದ ಕೇಸಿದೆ. ಈ ವಕೀಲರು ಗೆದ್ದೇ ಕೊಡ್ತೇವೆ ಅಂತ ಹಾಕಿದ್ದಾರೆ. ಅಡ್ವಾನ್ಸ್ ಕಳಿಸ್ಲಾ?" ಎಂದರು. ಕೋರ್ಟಿನ ವಿಷಯ ನಮಗೇನು ಗೊತ್ತು? ಆದರೂ "ಎರಡು ದಿನ ತಡೀರಿ" ಎಂದೆವು. ಆ ಎರಡು ದಿನ ಓದಿದಾಗ ವಕೀಲರ ಜಾಹೀರಾತಿನ ಚರಿತ್ರೆಯಲ್ಲಿ ಫಾರ್ಮಸಿಸ್ಟರೇ ಮೊದಲು ಸಿಕ್ಕಿದರು!

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿಯ ಬೆಲೆಯನ್ನು ಫಾರ್ಮಸಿಸ್ಟ್ ಜಾಹೀರಾತು ಮಾಡುವಂತಿರಲಿಲ್ಲ. ಮಾಡಿದರೆ ವೃತ್ತಿಗೆ ತಕ್ಕದ್ದಲ್ಲದ ನಡತೆ ಎಂದು ಲೈಸೆನ್ಸಿಗೇ ಕುತ್ತು. ಆದರೆ ನ್ಯೂಪೋರ್ಟ್ ನ್ಯೂಸ್, ಹ್ಯಾಂಪ್ಟನ್ ಊರುಗಳ ಸುತ್ತ ಅದೇ ಟೆಟ್ರಾಸೈಕ್ಲಿನ್ ಒಂದು ಕಡೆ 1.20 ಡಾಲರ್, ಇನ್ನೊಂದು ಕಡೆ 9 ಡಾಲರ್. ಕಾಯಿಲೆಯವರು ಅಂಗಡಿಯಿಂದ ಅಂಗಡಿಗೆ ಅಲೆದು ವಿಚಾರಿಸಬೇಕೇ? ಬಳಕೆದಾರರು ಕೋರ್ಟಿಗೆ ಹೋದರು. 1976ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ತೀರ್ಪು ಬರೆದ ಹ್ಯಾರಿ ಬ್ಲ್ಯಾಕ್‌ಮನ್ ಜಡ್ಜ್ ಆಗುವ ಮುಂಚೆ ಮೇಯೊ ಕ್ಲಿನಿಕ್‌ನ ವಕೀಲರಾಗಿದ್ದವರು, ಆಸ್ಪತ್ರೆಯ ಒಳಹೊರಗು ಬಲ್ಲವರು. ಆದರೂ ಒಂದು ಮಾತು ಸೇರಿಸಿದ್ದರು: ಫಾರ್ಮಸಿಸ್ಟ್ ಕೊಡುವುದು ಬಹುಪಾಲು ಕಂಪೆನಿಯಿಂದ ಸಿದ್ಧವಾಗಿ ಬಂದ ವಸ್ತು, ವಕೀಲರ, ವೈದ್ಯರ ಕೆಲಸ ಹಾಗಲ್ಲ. (ಇದನ್ನು ಓದಿ ನಮಗೆ ಸ್ವಲ್ಪ ಬೇಸರವೇ ಆಯಿತು. ಮಾತ್ರೆ ಎಣಿಸುವುದಷ್ಟೇ ನಮ್ಮ ಕೆಲಸವಲ್ಲ.)

ಆ ವ್ಯತ್ಯಾಸ ಹೆಚ್ಚು ದಿನ ನಿಲ್ಲಲಿಲ್ಲ. ಅಷ್ಟರಲ್ಲಾಗಲೇ, ಅದೇ ವರ್ಷದ ಫೆಬ್ರವರಿಯಲ್ಲಿ, ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ಬೇಟ್ಸ್, ವ್ಯಾನ್ ಓಸ್ಟೀನ್ ಎಂಬ ಇಬ್ಬರು ಯುವ ವಕೀಲರು ಪತ್ರಿಕೆಯಲ್ಲಿ ತಮ್ಮ ಫೀಸನ್ನು ಅಚ್ಚು ಹಾಕಿಸಿದ್ದರು. ತಕರಾರಿಲ್ಲದ ವಿಚ್ಛೇದನಕ್ಕೆ 175 ಡಾಲರ್, ಹೆಸರು ಬದಲಾವಣೆಗೆ 95, ಕೋರ್ಟ್ ಶುಲ್ಕ ಬೇರೆ. ಸರ್ಕಾರಿ ನೆರವೂ ಸಿಗದ, ದೊಡ್ಡ ವಕೀಲರನ್ನೂ ಹಿಡಿಯಲಾಗದ ನಡುವಿನ ಜನರಿಗಾಗಿ ಅವರ ಕಚೇರಿ. 1908ರಿಂದಲೂ ಅಮೆರಿಕನ್ ಬಾರ್ ಅಸೋಸಿಯೇಷನ್‌ನ ನೀತಿಸಂಹಿತೆ ಇಂಥದ್ದನ್ನು ಒಪ್ಪುತ್ತಿರಲಿಲ್ಲ. ಶಿಸ್ತುಕ್ರಮವಾಯಿತು. 1977ರ ಜೂನ್ 27ರಂದು ಸುಪ್ರೀಂ ಕೋರ್ಟ್ ಐದು ನಾಲ್ಕರ ಬಹುಮತದಿಂದ ಅವರ ಪರ ನಿಂತಿತು. ಬರೆದವರು ಅದೇ ಬ್ಲ್ಯಾಕ್‌ಮನ್. ಬ್ಯಾಂಕಿನವರು, ಎಂಜಿನಿಯರುಗಳು ಜಾಹೀರಾತು ಕೊಟ್ಟರೆ ಮರ್ಯಾದೆ ಹೋಗದು, ವಕೀಲರದು ಮಾತ್ರ ಹೇಗೆ ಹೋಗುತ್ತದೆ ಎಂಬುದು ಅವರ ವಾದ. ಒಪ್ಪದ ನಾಲ್ವರಲ್ಲಿ ಬಾರ್ ಅಸೋಸಿಯೇಷನ್‌ನ ಮಾಜಿ ಅಧ್ಯಕ್ಷ ಲೂಯಿಸ್ ಪವೆಲ್ ಕೂಡ ಇದ್ದರು.

ಹಾಗೆಂದು ಬಾಗಿಲು ಪೂರ್ತಿ ತೆರೆಯಲಿಲ್ಲ. ಓಹಾಯೋದಲ್ಲಿ ಕಾರು ಅಪಘಾತವಾಗಿ ಟ್ರ್ಯಾಕ್ಷನ್‌ನಲ್ಲಿ ಮಲಗಿದ್ದ 18 ವರ್ಷದ ಹುಡುಗಿಯ ಬಳಿಗೆ ಒಬ್ಬ ವಕೀಲ ಆಸ್ಪತ್ರೆಗೇ ಹೋಗಿ ಕೇಸು ಕೇಳಿದ್ದ. ಅವನಿಗಾದ ಶಿಕ್ಷೆಯನ್ನು 1978ರಲ್ಲಿ ಅದೇ ಕೋರ್ಟ್ ಎತ್ತಿಹಿಡಿಯಿತು. ನೋವಿನಲ್ಲಿರುವವರು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾರೆ ಎಂಬುದು ವಾರ್ಡಿಗೆ ಹೋಗಿ ಬರುವ ನಮಗೆ ಗೊತ್ತು.

ನಮ್ಮ ದೇಶದ ದಾರಿ ಬೇರೆ. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳಲ್ಲಿ 36ನೆಯದು ಜಾಹೀರಾತು, ಸುತ್ತೋಲೆ, ದಲ್ಲಾಳಿ ಯಾವುದರಿಂದಲೂ ಕೇಸು ಹಿಡಿಯಬಾರದು ಎನ್ನುತ್ತದೆ. ನಾಮಫಲಕ ಕೂಡ ಹದವಾದ ಅಳತೆಯದೇ ಆಗಿರಬೇಕು. 2008ರಲ್ಲಿ ಸ್ವಲ್ಪ ಸಡಿಲಿಸಿ, ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಫೋನ್, ನೋಂದಣಿ ಸಂಖ್ಯೆ, ವಿದ್ಯಾರ್ಹತೆಯಂಥ ವಿವರ ಹಾಕಲು ಬಿಟ್ಟರು. ತಾಲೂಕು ಕೋರ್ಟಿನ ಮುಂದೆ ಕೈಹಿಡಿದು ಎಳೆಯುವ ದಲ್ಲಾಳಿಗಳನ್ನು ಕಂಡವರಿಗೆ ಈ ನಿಯಮ ಯಾಕೆಂದು ಹೇಳಬೇಕಿಲ್ಲ. ಆದರೆ ಸಮುದ್ರದಾಚೆ ಇರುವ ನಮಗೆ ಯಾರ ಫೀಸು ಎಷ್ಟು ಎಂದು ತಿಳಿಯುವುದು ಹೇಗೆ? ಬೆಲೆ ಹೇಳಲು ಬಿಡಲಿ, ಗೆಲುವು ಮಾರಲು ಬೇಡ ಎಂಬುದು ನಮ್ಮ ಅಭಿಪ್ರಾಯ.

ಎರಡು ದಿನ ಕಳೆದು ಅವರು ಬಂದಾಗ ಪೋಸ್ಟನ್ನು ಮತ್ತೆ ನೋಡಿದೆವು. ನೋಂದಣಿ ಸಂಖ್ಯೆ ಎಲ್ಲೂ ಇರಲಿಲ್ಲ. "ಕೇಳಿ ನೋಡಿ" ಎಂದೆವು. ಅಲ್ಲೇ ನಿಂತು ಎಡಗೈಯಲ್ಲಿ ಮೆಸೇಜ್ ಹಾಕಿದರು. ಪ್ಲಾಸ್ಟರ್ ಬಿಚ್ಚಿಸಲು ಬಂದ ದಿನವೂ ಉತ್ತರ ಬಂದಿರಲಿಲ್ಲ. ಅಡ್ವಾನ್ಸ್ ಕಳಿಸಿರಲಿಲ್ಲ. ಭಾವನನ್ನು ತಾಲೂಕು ಕೋರ್ಟಿಗೆ ಕಳಿಸಿ ವಿಚಾರಿಸುತ್ತಿದ್ದೇನೆ ಎಂದರು.