ಕಾಮತ್, ಕೆ. ವಿ.

ಕುಂದಾಪುರ ವಾಮನ ಕಾಮತ್ (ಜನನ: 2 ಡಿಸೆಂಬರ್ 1947, ಮಂಗಳೂರು) ಭಾರತದ ಬ್ಯಾಂಕರ್. ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಅಹಮದಾಬಾದಿನ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿ 1971ರಲ್ಲಿ ಐಸಿಐಸಿಐ ಸೇರಿದರು. 1988ರಲ್ಲಿ ಮನಿಲಾದ ಏಷ್ಯನ್ ಅಭಿವೃದ್ಧಿ ಬ್ಯಾಂಕಿಗೆ ಹೋದವರು 1996ರಲ್ಲಿ ಹಳೆಯ ಸಂಸ್ಥೆಗೇ ಮುಖ್ಯಸ್ಥರಾಗಿ ಮರಳಿದರು. ಅವರ ಕಾಲದ ದೊಡ್ಡ ನಿರ್ಧಾರವೆಂದರೆ 2002ರ ವಿಲೀನ. ಕೈಗಾರಿಕೆಗಳಿಗೆ ದೀರ್ಘಾವಧಿ ಸಾಲ ಕೊಡುತ್ತಿದ್ದ ಐಸಿಐಸಿಐ, ತಾನೇ ಹುಟ್ಟುಹಾಕಿದ ಬ್ಯಾಂಕಿನೊಳಗೆ ಸೇರಿಹೋಯಿತು. ತಾಯಿ ಮಗಳ ಮನೆ ಸೇರಿದಂತೆ. ಜನರ ಠೇವಣಿ ಕೈಗೆ ಬಂದದ್ದರಿಂದ ಗೃಹಸಾಲ, ವಾಹನಸಾಲ, ಎಟಿಎಂಗಳು ಭರದಿಂದ ಹಬ್ಬಿದವು. ಸಾಲ ವಸೂಲಿಯ ರೀತಿಗೆ ಟೀಕೆಯೂ ಬಂತೆನ್ನಬೇಕು. 2008ರಲ್ಲಿ ಪದ್ಮಭೂಷಣ ಸಂದಿತು; 2009ರಲ್ಲಿ ಮುಖ್ಯ ಕಾರ್ಯನಿರ್ವಾಹಕ ಹುದ್ದೆ ಬಿಟ್ಟರು. ಮುಂದೆ ಇನ್ಫೋಸಿಸ್ ಅಧ್ಯಕ್ಷರಾದರು. 2015ರಿಂದ 2020ರವರೆಗೆ, ಬ್ರಿಕ್ಸ್ ದೇಶಗಳು ಶಾಂಘೈಯಲ್ಲಿ ಸ್ಥಾಪಿಸಿದ ನ್ಯೂ ಡೆವಲಪ್‌ಮೆಂಟ್ ಬ್ಯಾಂಕಿನ ಮೊದಲ ಅಧ್ಯಕ್ಷರಾಗಿದ್ದರು.