ಬ್ರಾಯ್ಲರ್ ಕೋಳಿ: ತೂಕ ಹೆಚ್ಚಿಸುವುದು ಪುಡಿಯೋ, ತಳಿಯೋ?

ಆರು ವಾರಗಳಲ್ಲಿ ಎರಡು ಕಿಲೋಗೂ ಮಿಗಿಲಾಗಿ ತೂಗುವ ಬ್ರಾಯ್ಲರ್ ಕೋಳಿಯನ್ನು ಕಂಡು, ಆಹಾರದಲ್ಲಿ ಬೆರೆಸುವ ಪುಡಿಯೇ ಅದನ್ನು ಉಬ್ಬಿಸುತ್ತದೆ ಎಂದು ಅನುಮಾನಿಸುವ ಗ್ರಾಹಕರು ಬಹಳ. ಹೆಚ್ಚು ಪುಡಿ ಹಾಕಿದಷ್ಟೂ ಹೆಚ್ಚು ತೂಕ ಎಂದು ನಂಬುವ ಸಾಕಣೆದಾರರೂ ಇದ್ದಾರೆ. ಎರಡೂ ಸರಿಯಲ್ಲ.

ತೂಕದ ಮೂಲ ಇರುವುದು ತಳಿಯಲ್ಲಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1957, 1978 ಹಾಗೂ 2005ರ ತಳಿಗಳಿಗೆ ಒಂದೇ ಬಗೆಯ ಆಹಾರ ನೀಡಿ ಸಾಕಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56ನೇ ದಿನಕ್ಕೆ ಅವುಗಳ ಸರಾಸರಿ ತೂಕ ಕ್ರಮವಾಗಿ 905, 1,808 ಹಾಗೂ 4,202 ಗ್ರಾಂ.

ಹಾಗಿದ್ದರೆ ಜೀವಸತ್ವ, ಖನಿಜಾಂಶಗಳ ಪೂರಕ ಏತಕ್ಕೆ? ಕೋಳಿ ಆಹಾರದ ಬಹುಪಾಲು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಇವುಗಳಿಂದ ಶಕ್ತಿ, ಪ್ರೋಟೀನ್ ದೊರೆಯುತ್ತವೆ. ಬಿ12 ಜೀವಸತ್ವ ದೊರೆಯುವುದಿಲ್ಲ. ಶೆಡ್ಡಿನೊಳಗೇ ಬೆಳೆಯುವ ಹಕ್ಕಿಗೆ ಬಿಸಿಲು ತಾಗದ ಕಾರಣ ಡಿ3 ಕೂಡ ಹೊರಗಿನಿಂದಲೇ ಬರಬೇಕು. ತಿಪ್ಪೆ ಕೆದಕಿ ಹುಳುಹುಪ್ಪಟೆ ತಿನ್ನುವ ನಾಟಿ ಕೋಳಿಗೆ ಈ ಪಾಡಿಲ್ಲ. ಇನ್ನು ಧಾನ್ಯದಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ. ಅದನ್ನು ಬಿಡಿಸುವ ಸಾಮರ್ಥ್ಯ ಕೋಳಿಯ ಕರುಳಿಗೆ ಸಾಲದು. ಆದ್ದರಿಂದ ಡೈಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ಫೈಟೇಸ್ ಕಿಣ್ವ ಬೆರೆಸುತ್ತಾರೆ.

ವೇಗವಾಗಿ ಬೆಳೆಯುವ ಹಕ್ಕಿಯಲ್ಲಿ ಈ ಕೊರತೆಗಳು ಬಹುಮಟ್ಟಿಗೆ ಕಾಲಿನಲ್ಲೇ ಬಯಲಾಗುತ್ತವೆ. ಡಿ3, ಕ್ಯಾಲ್ಸಿಯಂ ಅಥವಾ ರಂಜಕ ಸಾಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ಬಿ2 ಕೊರತೆಯಾದರೆ ಕಾಲ್ಬೆರಳುಗಳು ಒಳಕ್ಕೆ ಮುರುಟಿಕೊಳ್ಳುತ್ತವೆ. ಮ್ಯಾಂಗನೀಸ್ ಸಾಲದಾದರೆ ಕೀಲು ಊದಿ, ಸ್ನಾಯುರಜ್ಜು ಜಾರಿ, ಕಾಲು ಪಕ್ಕಕ್ಕೆ ತಿರುಚುತ್ತದೆ. ಕುಂಟುವ ಕೋಳಿ ಆಹಾರದ ತಟ್ಟೆಯವರೆಗೆ ನಡೆಯಲಾರದು. ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಪೂರಕದಿಂದ ಆಗುವ ಲಾಭವೆಂದರೆ ಈ ನಷ್ಟ ತಪ್ಪುವುದು, ಅಷ್ಟೇ. ತಳಿಯ ಮಿತಿಯನ್ನು ಮೀರಿದ ತೂಕವನ್ನು ಅದು ಕೊಡಲಾರದು. ಅಂದಹಾಗೆ, ಜೀವಸತ್ವಗಳ ಸುಳಿವು ಸಿಕ್ಕಿದ್ದೇ ಕೋಳಿಯಿಂದ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತುದನ್ನು ಗಮನಿಸಿದ ಕ್ರಿಸ್ಟಿಯಾನ್ ಐಕ್ಮನ್ 1929ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಅತಿಯಾದರೆ ಹಾನಿಯೇ ಹೆಚ್ಚು. ಸೆಲೆನಿಯಂ ಒಂದು ಟನ್ ಆಹಾರಕ್ಕೆ ಒಂದು ಗ್ರಾಮಿಗಿಂತಲೂ ಕಡಿಮೆ ಸಾಕು, ಮೀರಿದರೆ ವಿಷ. ಡಿ3 ವಿಪರೀತವಾದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ. ಬ್ರಾಯ್ಲರ್ ಆಹಾರದಲ್ಲಿ ಕ್ಯಾಲ್ಸಿಯಂ ಶೇ 1ರ ಆಸುಪಾಸಿನಲ್ಲಿದ್ದರೆ ಮೊಟ್ಟೆ ಕೋಳಿಯದರಲ್ಲಿ ಶೇ 3.5ರಿಂದ 4ರವರೆಗೆ ಇರುತ್ತದೆ. ಅದನ್ನು ಇದಕ್ಕೆ ಹಾಕುವಂತಿಲ್ಲ. ಗುತ್ತಿಗೆ ಸಾಕಣೆಯಲ್ಲಿ ಕಂಪೆನಿ ಒದಗಿಸುವ ಆಹಾರದಲ್ಲಿ ಪೂರಕ ಮೊದಲೇ ಬೆರೆತಿರುವುದರಿಂದ, ಅಂಗಡಿಯಿಂದ ಮತ್ತೊಂದು ಡಬ್ಬಿ ತರುವುದು ಹಣ ಪೋಲು ಮಾಡಿದಂತೆ. ಕಡು ಬೇಸಿಗೆಯಲ್ಲಿ ನೀರಿಗೆ ಬೆರೆಸುವ ಸಿ ಜೀವಸತ್ವಕ್ಕೆ ಮಾತ್ರ ಅರ್ಥವಿದೆ: ಕೋಳಿ ಅದನ್ನು ತಾನೇ ತಯಾರಿಸಿಕೊಂಡರೂ ತಾಪ ಏರಿದಾಗ ಅದು ಸಾಲದೆ ಹೋಗಬಹುದು.

ಗ್ರಾಹಕರ ಆತಂಕಕ್ಕೆ ನಿಜವಾದ ಆಧಾರವಿರುವುದು ಜೀವಸತ್ವದಲ್ಲಲ್ಲ, ಬೆಳವಣಿಗೆಯ ಹೆಸರಿನಲ್ಲಿ ಬಳಕೆಯಾಗುತ್ತಾ ಬಂದ ಪ್ರತಿಜೀವಕಗಳಲ್ಲಿ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧವನ್ನು ಕೋಳಿ ಸಾಕಣೆಗೂ ಪಶು ಆಹಾರ ಪೂರಕಗಳಿಗೂ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.