ಸದರಿ ಚಿತ್ರಗಳ ಚರಿತ್ರೆ

ನಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ದಫ್ತರದ ಗಂಟೊಂದು ಇದೆ. ಅಜ್ಜ ಶಾನುಭೋಗಿಕೆ ಮಾಡಿದವರು. ಅವರ ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡಿದರೆ, ಪುಟದ ತಲೆಯಲ್ಲಿ ಒಬ್ಬ ರೈತನ ಹೆಸರು, ಅವನ ತಂದೆಯ ಹೆಸರು, ಗ್ರಾಮ, ಜಮೀನಿನ ಚೆಕ್ಕುಬಂದಿ ಎಲ್ಲವೂ ದುಂಡಾದ ಅಕ್ಷರಗಳಲ್ಲಿರುತ್ತವೆ. ಅದರ ಕೆಳಗಿನ ಸಾಲುಗಳಲ್ಲಿ ಬರಿಯ ‘ಸದರಿ’, ‘ಸದರಿ’, ‘ಸದರಿ’. ಬದಲಾದ ಮೊಬಲಗು ಮಾತ್ರ ಪಕ್ಕದಲ್ಲಿ. ಕಾಗದಕ್ಕೂ ಮಸಿಗೂ ಉಳಿತಾಯ, ಬರೆಯುವ ಕೈಗೂ ಬಿಡುವು. ಆದರೆ ನಡುವಿನ ಒಂದು ಸಾಲಿಗೆ ಬೆರಳಿಟ್ಟು ‘ಇದು ಯಾರ ಲೆಕ್ಕ?’ ಎಂದು ಕೇಳಿದರೆ ಉತ್ತರ ಆ ಸಾಲಿನಲ್ಲಿ ಸಿಗುವುದಿಲ್ಲ. ಮೇಲೆ ಮೇಲೆ ಹೋಗಿ, ಪೂರ್ತಿ ಹೆಸರು ಬರೆದಿರುವ ಸಾಲನ್ನು ಹುಡುಕಿ, ಅಲ್ಲಿಂದ ಮತ್ತೆ ಕೆಳಗಿಳಿದು ಬರಬೇಕು. ಈ ‘ಸದರಿ’ಗೂ ನನ್ನ ಮಗನ ಕಂಪ್ಯೂಟರಿಗೂ ಸಂಬಂಧವುಂಟೆಂದು ಯಾರಾದರೂ ಹೇಳಿದ್ದರೆ, ಕಳೆದ ಬೇಸಗೆಯವರೆಗೆ ನಾನು ನಂಬುತ್ತಿರಲಿಲ್ಲ.

ಮಗನಿಗೆ ಹದಿನೇಳು ವರ್ಷ. ಬೇಸಗೆಯ ರಜೆಯಲ್ಲಿ ಅವನೂ ಅವನ ಗೆಳೆಯನೂ ಸೇರಿ ಮೈನ್‌ಕ್ರಾಫ್ಟ್ ಎಂಬ ಆಟದೊಳಗೆ ಹಂಪೆಯ ಕಲ್ಲಿನ ರಥವನ್ನು ಕಟ್ಟಿದರು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಮೂರು ವಾರದ ಕೆಲಸ. ಕಟ್ಟುವಾಗಿನ ಆಟವನ್ನೆಲ್ಲ ರೆಕಾರ್ಡು ಮಾಡಿಕೊಂಡಿದ್ದರು. ಅಷ್ಟರಲ್ಲಿ ಗೆಳೆಯನ ತಂದೆಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮುನ್ನ ಅವನ ಕೈಗೆ ಹತ್ತು ನಿಮಿಷದ ಒಂದು ಚಿತ್ರವನ್ನು ಕೊಡಬೇಕೆಂದು ನನ್ನ ಮಗನ ಹಟ. ಆದರೆ ಸಂಕಲನಕ್ಕೆ ಕುಳಿತರೆ ಚಿತ್ರ ಮುಗ್ಗರಿಸಿ ಮುಗ್ಗರಿಸಿ ಓಡುತ್ತದೆ. ಎರಡು ಹೆಜ್ಜೆ ಹಾಕಿ ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಹೇಗೋ ಮುಗಿಸಿ ಹೊರತೆಗೆದರೆ ಹುಲ್ಲು, ಮರದ ಎಲೆ, ರಥದ ಚಕ್ರ ಎಲ್ಲ ಕಲಸಿದ ಹಿಟ್ಟಿನಂತೆ ಕಾಣುತ್ತವೆ. “ಅಪ್ಪ, ಈ ಕಂಪ್ಯೂಟರು ಕೆಲಸಕ್ಕೆ ಬಾರದು, ಹೊಸದು ತೆಗೆದುಕೊಡಿ” ಎಂದ. ಅದರ ಬೆಲೆಯನ್ನು ಕೇಳಿ ನಾನು ಸುಮ್ಮನಾದೆ. ಆದರೆ ಅದಕ್ಕಿಂತ ದೊಡ್ಡ ನಷ್ಟ ಆಗಲೇ ಆಗಿಹೋಗಿತ್ತು. ಚಿತ್ರ ಸಿದ್ಧವಾಯಿತೆಂಬ ಭರದಲ್ಲಿ, ಜಾಗ ಸಾಲದೆಂದು, ಅವನು ಮೂಲ ರೆಕಾರ್ಡುಗಳನ್ನು ಅಳಿಸಿಬಿಟ್ಟಿದ್ದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಚಿತ್ರಸಂಕಲನದ ಕೆಲಸದಲ್ಲಿದ್ದಾನೆ. ಅವನಿಗೆ ಫೋನು ಮಾಡಿದೆ. “ಸಾರ್, ಮೆಷಿನ್ನಿನ ತಪ್ಪು ಸ್ವಲ್ಪ; ಫೈಲಿನ ಸ್ವಭಾವವೇ ಹಾಗೆ. ಅದನ್ನು ಮಾಡಿರುವುದು ನೋಡುವುದಕ್ಕೆ, ಕತ್ತರಿಸುವುದಕ್ಕಲ್ಲ” ಎಂದ. ಈ ಒಂದು ಮಾತು ನನ್ನನ್ನು ಹಿಡಿದುಕೊಂಡಿತು. ನೋಡುವುದಕ್ಕೆ ಒಂದು ರೂಪ, ಕತ್ತರಿಸುವುದಕ್ಕೆ ಬೇರೊಂದು ರೂಪ ಎಂದಾದುದು ಯಾವಾಗ? ಹುಡುಕುತ್ತ ಹೊರಟೆ, ದಾರಿ ನೂರು ವರ್ಷಕ್ಕೂ ಹಿಂದಕ್ಕೆ ಹೋಯಿತು.

1895ರ ಡಿಸೆಂಬರಿನಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಹಣ ತೆತ್ತು ಬಂದವರಿಗೆ ಚಲಚ್ಚಿತ್ರ ತೋರಿಸಿದಾಗ, ಸೆಕೆಂಡಿಗೆ ಸುಮಾರು 16 ಬಿಡಿಚಿತ್ರಗಳು, ಎಂದರೆ ಫ್ರೇಮುಗಳು, ಕಣ್ಣ ಮುಂದೆ ಸರಿಯುತ್ತಿದ್ದುವು. ಯಂತ್ರವನ್ನು ಕೈಯಿಂದ ತಿರುಗಿಸಬೇಕಾಗಿದ್ದುದರಿಂದ ವೇಗ ಆಳಿನಿಂದ ಆಳಿಗೆ ಬದಲಾಗುತ್ತಿತ್ತು. ಚಿತ್ರಕ್ಕೆ ಮಾತು ಬಂದ ಮೇಲೆ ಈ ಸಡಿಲ ನಡೆಯಲಿಲ್ಲ. ವೇಗ ಏರಿಳಿದರೆ ಕಣ್ಣು ಸಹಿಸಬಹುದು, ಕಿವಿ ಸಹಿಸದು. ಆದುದರಿಂದ 1920ರ ದಶಕದ ಕೊನೆಯ ಹೊತ್ತಿಗೆ ಸೆಕೆಂಡಿಗೆ 24 ಫ್ರೇಮು ಎಂಬ ಕಟ್ಟು ನಿಂತಿತು.

ಆ ಕಾಲದ ಸುರುಳಿಯ ಗುಣವೊಂದನ್ನು ಓದುಗರು ಗಮನಿಸಬೇಕು. ಅದರಲ್ಲಿ ‘ಸದರಿ’ ಇರಲಿಲ್ಲ. ಪ್ರತಿಯೊಂದು ಫ್ರೇಮೂ ಸ್ವಯಂಪೂರ್ಣವಾದ ಒಂದು ಛಾಯಾಚಿತ್ರ. ಎಲ್ಲಿ ಬೇಕಾದರೂ ಕತ್ತರಿ ಇಡಬಹುದು, ಎಲ್ಲಿಗೆ ಬೇಕಾದರೂ ಅಂಟಿಸಬಹುದು. 1924ರಲ್ಲಿ ಐವಾನ್ ಸೆರೂರಿಯೇ ಎಂಬಾತ ಅಮೆರಿಕದಲ್ಲಿ ಮೂವಿಯೋಲ ಎಂಬ ಯಂತ್ರವನ್ನು ಸಂಕಲನಕಾರರಿಗೆ ಮಾರಿದ ಮೇಲೆ, ಸುರುಳಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಬೇಕಾದ ಫ್ರೇಮಿನ ಮೇಲೆ ನಿಲ್ಲಿಸಿ ನೋಡುವುದು ಸುಲಭವಾಯಿತು.

ಆದರೆ ಅವರು ಕತ್ತರಿಸುತ್ತಿದ್ದುದು ಯಾವುದನ್ನು? ಮೂಲವನ್ನಲ್ಲ. ಕ್ಯಾಮೆರಾದಿಂದ ಬಂದ ನೆಗೆಟಿವನ್ನು ಭದ್ರವಾಗಿ ಎತ್ತಿಟ್ಟು, ಅದರಿಂದ ಅಗ್ಗದ ಪ್ರತಿಯೊಂದನ್ನು ತೆಗೆಯುತ್ತಿದ್ದರು. ‘ವರ್ಕ್ ಪ್ರಿಂಟ್’ ಎಂದು ಅದರ ಹೆಸರು. ಗೀರು ಬೀಳುವುದು, ಹರಿಯುವುದು, ಎಣ್ಣೆಯ ಬೆರಳು ತಾಗುವುದು ಎಲ್ಲವೂ ಆ ಪ್ರತಿಗೆ. ಸಂಕಲನ ಮುಗಿದ ಮೇಲೆ ಸುರುಳಿಯ ಅಂಚಿನಲ್ಲಿ ಅಚ್ಚಾಗಿರುವ ಅಂಕಿಗಳನ್ನು ಸರಿನೋಡಿ, ಅದೇ ಜಾಗಗಳಲ್ಲಿ ನೆಗೆಟಿವನ್ನು ಒಮ್ಮೆ ಮಾತ್ರ ಕತ್ತರಿಸುತ್ತಿದ್ದರು. ನಮ್ಮ ಹಸ್ತಪ್ರತಿ ಸಂಪಾದಕರ ನಡತೆಯೂ ಇದೇ. ಓಲೆಗರಿಯನ್ನು ಪೆಟ್ಟಿಗೆಯಲ್ಲಿಟ್ಟು, ನಕಲಿನ ಮೇಲೆ ಗೆರೆ ಎಳೆಯುತ್ತಾರೆ. ಸಂದೇಹ ಬಂದರೆ ಓಲೆಗೆ ಮರಳುತ್ತಾರೆ.

‘ಸದರಿ’ ಹುಟ್ಟಿದುದು ಚಿತ್ರವನ್ನು ದೂರಕ್ಕೆ ಕಳುಹಿಸುವ ಆಸೆಯಿಂದ. ಟೆಲಿವಿಷನ್ ಇನ್ನೂ ತೊಟ್ಟಿಲಲ್ಲಿದ್ದಾಗಲೇ, 1929ರಲ್ಲಿ ರೇ ಕೆಲ್ ಎಂಬ ಅಮೆರಿಕದ ಎಂಜಿನಿಯರು ಬ್ರಿಟಿಷ್ ಪೇಟೆಂಟೊಂದರಲ್ಲಿ ಒಂದು ಯುಕ್ತಿಯನ್ನು ಸೂಚಿಸಿದ್ದ: ಚಿತ್ರವನ್ನು ಮತ್ತೆ ಮತ್ತೆ ಪೂರ್ತಿಯಾಗಿ ಕಳುಹಿಸುವುದೇಕೆ? ಹಿಂದಿನದಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿಸಿದರೆ ಸಾಲದೆ? ನಮ್ಮ ಶಾನುಭೋಗರು ಪೇಟೆಂಟು ಇಲ್ಲದೆಯೇ ಮಾಡುತ್ತಿದ್ದುದು ಇದನ್ನೇ.

ಕಂಪ್ಯೂಟರಿನ ಕಾಲದಲ್ಲಿ ಈ ಯುಕ್ತಿ ಅನಿವಾರ್ಯವಾಯಿತು. ಲೆಕ್ಕ ಹಾಕಿ ನೋಡಿ. ಇಂದಿನ ಸಾಮಾನ್ಯ ಪರದೆಯಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080 ಚುಕ್ಕೆಗಳು, ಒಟ್ಟು 20,73,600. ಚುಕ್ಕೆಯೊಂದರ ಬಣ್ಣಕ್ಕೆ 3 ಬೈಟುಗಳಂತೆ, ಆಟದ ಚಿತ್ರ ಸೆಕೆಂಡಿಗೆ 60 ಫ್ರೇಮುಗಳಂತೆ ಹಿಡಿದರೆ, ಒಂದು ಸೆಕೆಂಡಿಗೆ 37 ಕೋಟಿ ಬೈಟಿಗೂ ಮಿಕ್ಕುತ್ತದೆ; ಬಿಟ್ಟುಗಳಲ್ಲಿ ಸುಮಾರು 298 ಕೋಟಿ. ಇಂತಹ ಚಿತ್ರಕ್ಕೆ ಯೂಟ್ಯೂಬಿನವರು ಸೂಚಿಸುವ ಪ್ರಮಾಣ ಸೆಕೆಂಡಿಗೆ 1 ಕೋಟಿ 20 ಲಕ್ಷ ಬಿಟ್ಟು. ಎಂದರೆ ಇದ್ದುದರಲ್ಲಿ ಸುಮಾರು 250ರಲ್ಲಿ ಒಂದು ಪಾಲನ್ನು ಉಳಿಸಿಕೊಂಡು, ಮಿಕ್ಕುದನ್ನು ಬಿಟ್ಟೂ ಕಣ್ಣಿಗೆ ತಿಳಿಯದಂತೆ ಮಾಡಬೇಕು!

ಈ ಪವಾಡದ ಮೂಲದಲ್ಲಿ ನಮ್ಮ ನಾಡಿನವರೊಬ್ಬರಿದ್ದಾರೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು ಅಮೆರಿಕಕ್ಕೆ ಹೋದ ನಾಸಿರ್ ಅಹಮದ್ ಅವರು, ಚಿತ್ರವನ್ನು ಅಡಕಮಾಡುವ ಒಂದು ಗಣಿತಮಾರ್ಗವನ್ನು ಕುರಿತು ಸಂಶೋಧನೆ ನಡೆಸಲು 1972ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೇಳಿದರು. ವಿಚಾರ ತೀರ ಸರಳವೆಂದು ಸಹಾಯ ದೊರೆಯಲಿಲ್ಲ. ಅವರು ಬಿಡಲಿಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ ಬರೆದ ಪುಟ್ಟ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂದು ಅದರ ಹೆಸರು. ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ನಿಧಾನವಾಗಿ ಮಾರ್ಪಡುವ ಬಣ್ಣವನ್ನೂ ನವುರಾದ ಗೆರೆ-ಚುಕ್ಕೆಗಳನ್ನೂ ಬೇರೆ ಬೇರೆ ಮಾಡಿ, ಕಣ್ಣು ಅಷ್ಟಾಗಿ ಗಮನಿಸದ ನವುರನ್ನು ಮೊದಲು ಬಿಟ್ಟುಬಿಡಲು ಇದರಿಂದ ಸಾಧ್ಯವಾಯಿತು. 1992ರ ಜೆಪೆಗ್ ಸ್ಥಿರಚಿತ್ರ, 1993ರ ಎಂಪೆಗ್ ಚಲಚ್ಚಿತ್ರ ಇವೆರಡೂ ನಿಂತಿರುವುದು ಈ ಅಡಿಗಲ್ಲಿನ ಮೇಲೆ. 2003ರಲ್ಲಿ ಬಂದು ಇಂದಿಗೂ ಮನೆಮನೆಯಲ್ಲಿರುವ ಎಚ್.264 ಕೂಡ ಅದೇ ವಂಶದ ಕುಡಿ.

ಎಂಪೆಗ್ ಕುಲದಲ್ಲಿ ಎರಡು ಯುಕ್ತಿಗಳೂ ಕೂಡಿದುವು. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಫ್ರೇಮು. ಅದರ ಹಿಂದೆ ಹತ್ತಾರು, ಕೆಲವೊಮ್ಮೆ ನೂರಾರು ‘ಸದರಿ’ ಫ್ರೇಮುಗಳು. ಕೆಲವು ಹಿಂದಿನದನ್ನು ನೋಡಿ ತುಂಬಿಕೊಳ್ಳತಕ್ಕವು. ಕೆಲವು ಮುಂದೆ ಬರುವುದನ್ನೂ ನೋಡಿ ತುಂಬಿಕೊಳ್ಳತಕ್ಕವು. ಮೊದಲಿನಿಂದ ಕೊನೆಯವರೆಗೆ ಸಾಲಾಗಿ ನೋಡುವವನಿಗೆ ಇದರಿಂದ ತೊಂದರೆಯಿಲ್ಲ. ಸಂಕಲನಕಾರನಾದರೋ ಅಲ್ಲಿಂದ ಇಲ್ಲಿಗೆ ಜಿಗಿಯುವವನು. ಅವನು ನಡುವಿನ ಫ್ರೇಮಿಗೆ ಬೆರಳಿಟ್ಟ ಕೂಡಲೆ ಯಂತ್ರ ಪೂರ್ತಿ ಫ್ರೇಮನ್ನು ಹುಡುಕಿಕೊಂಡು ಹೋಗಿ, ಅಲ್ಲಿಂದ ಒಂದೊಂದನ್ನೂ ಕಟ್ಟುತ್ತ ಮರಳಬೇಕು. ಮುಗ್ಗರಿಸುವುದು ಇದಕ್ಕೇ. ಇದರ ಜೊತೆಗೆ ಇನ್ನೊಂದು ಪೀಡೆ: ಆಟವನ್ನು ರೆಕಾರ್ಡು ಮಾಡುವ ಅನೇಕ ಸಾಧನಗಳು ಆಟ ಚುರುಕಾದಾಗ ಹೆಚ್ಚು ಫ್ರೇಮು, ತಡೆದಾಗ ಕಡಮೆ ಫ್ರೇಮು ಹಿಡಿಯುತ್ತವೆ. ಕೈಯಿಂದ ತಿರುಗಿಸುತ್ತಿದ್ದ 1895ರ ಯಂತ್ರವೇ ಮರಳಿ ಬಂದಂತಾಯಿತು! ಸಂಕಲನದ ತಂತ್ರಾಂಶ ಮಾತ್ರ ಸಮವೇಗವನ್ನೇ ನೆಚ್ಚಿರುತ್ತದೆ. ಆದುದರಿಂದ ಚಿತ್ರ ಕುಂಟುತ್ತದೆ, ಮಾತು ಹಿಂದುಮುಂದಾಗುತ್ತದೆ.

ಪರಿಹಾರವೂ ಹಳೆಯದೇ. 1989ರಲ್ಲಿ ಏವಿಡ್ ಎಂಬ ಸಂಸ್ಥೆ ಕಂಪ್ಯೂಟರಿನಲ್ಲಿ ಸಂಕಲನಮಾಡುವ ಯಂತ್ರವನ್ನು ಹೊರತಂದಾಗ, ಅಂದಿನ ಯಂತ್ರಗಳಿಗೆ ದೊಡ್ಡ ಚಿತ್ರವನ್ನು ಹೊರುವ ಶಕ್ತಿಯಿರಲಿಲ್ಲ. ಮಸುಕಾದ ಸಣ್ಣ ಪ್ರತಿಯ ಮೇಲೆ ಕತ್ತರಿಸಿ, ಅಂಕಿಗಳ ಪಟ್ಟಿಯ ಪ್ರಕಾರ ಮೂಲವನ್ನು ಆಮೇಲೆ ಜೋಡಿಸುತ್ತಿದ್ದರು. 1996ರ ‘ದಿ ಇಂಗ್ಲಿಷ್ ಪೇಷೆಂಟ್’ ಚಿತ್ರವನ್ನು ವಾಲ್ಟರ್ ಮರ್ಚ್ ಅವರು ಏವಿಡ್ಡಿನಲ್ಲಿ ಸಂಕಲನಮಾಡಿ ಆಸ್ಕರ್ ಪಡೆದರು. ವರ್ಕ್ ಪ್ರಿಂಟ್ ಸತ್ತಿರಲಿಲ್ಲ, ವೇಷ ಬದಲಿಸಿತ್ತು. ಇಂದು ಅದರ ಹೆಸರು ‘ಪ್ರಾಕ್ಸಿ’.

ನನ್ನ ವಿದ್ಯಾರ್ಥಿ ಮಗನಿಗೆ ಹೇಳಿಕೊಟ್ಟುದು ಇಷ್ಟೆ. ಮೊದಲು ರೆಕಾರ್ಡನ್ನು ಸಮವೇಗಕ್ಕೆ ತಂದುಕೊಳ್ಳುವುದು. ಬಳಿಕ ಅದರಿಂದ ಸಣ್ಣ ಅಳತೆಯ, ‘ಸದರಿ’ ಇಲ್ಲದ, ಪ್ರತಿ ಫ್ರೇಮೂ ಪೂರ್ತಿಯಾಗಿರುವ ಪ್ರಾಕ್ಸಿಯನ್ನು ತಯಾರಿಸಿ ಅದರ ಮೇಲೆ ಕತ್ತರಿಸುವುದು. ಹೊರತೆಗೆಯುವಾಗ ತಂತ್ರಾಂಶವೇ ಮೂಲಕ್ಕೆ ಮರಳುತ್ತದೆ. ಮರಳಿತೆ ಎಂದು ಒಮ್ಮೆ ನೋಡಿಕೊಳ್ಳುವುದು. 60 ಫ್ರೇಮಿನ ಆಟವನ್ನು 60ರಲ್ಲಿಯೋ 30ರಲ್ಲಿಯೋ ಹೊರತೆಗೆಯುವುದು. ಸಿನಿಮಾದಂತೆ ಕಾಣಲೆಂದು ಮಗ 24ನ್ನು ಆರಿಸಿದ್ದ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಫ್ರೇಮನ್ನು ಯಾರೂ ತೋರಿಸಲಾರರಷ್ಟೆ. ಆದುದರಿಂದ ಯಂತ್ರ ಒಮ್ಮೆ ಎರಡು, ಒಮ್ಮೆ ಮೂರು ಹೆಜ್ಜೆ ಹಾರಿ ಕುಂಟುತ್ತಿತ್ತು. ಕೊನೆಯದಾಗಿ, ಬಿಟ್ಟುಗಳಲ್ಲಿ ಜಿಪುಣತನ ಬೇಡ. ಮಾತಾಡುವವನ ಮುಖ ಅಲುಗದೆ ನಿಂತಿರುತ್ತದೆ, ಹೆಚ್ಚಿನದೆಲ್ಲ ‘ಸದರಿ’ಯಲ್ಲಿ ಮುಗಿಯುತ್ತದೆ. ಓಟದ ಆಟದಲ್ಲಿ ಹುಲ್ಲಿನ ಎಸಳೆಸಳೂ ಕ್ಷಣಕ್ಷಣಕ್ಕೆ ಹೊಸದು. ಬಿಟ್ಟು ಸಾಲದಿದ್ದರೆ ಯಂತ್ರ ನವುರನ್ನೆಲ್ಲ ಕೈಬಿಡುತ್ತದೆ. ಹಿಟ್ಟು ಕಲಸಿದಂತೆ ಕಂಡುದು ಇದರಿಂದಲೇ. ಅಂತರಜಾಲಕ್ಕೆ ಏರಿಸಿದರೆ ಅಲ್ಲಿಯವರು ಮತ್ತೊಮ್ಮೆ ಅಡಕಮಾಡುತ್ತಾರೆ. ಆದುದರಿಂದ ಅವರ ಕೈಗೆ ಕೊಡುವ ಪ್ರತಿ ಧಾರಾಳವಾಗಿರಬೇಕು.

ಪ್ರತಿಯ ಪ್ರತಿಯ ಪ್ರತಿ ತೆಗೆದರೆ ಏನಾಗುವುದೆಂದು ಕನ್ನಡದ ಮೇಷ್ಟರಿಗೆ ಯಾರೂ ಹೇಳಬೇಕಾಗಿಲ್ಲ. ಒಬ್ಬ ಲಿಪಿಕಾರ ಬಿಟ್ಟ ಅಕ್ಷರವನ್ನು ಮುಂದಿನವನು ಊಹಿಸಿ ತುಂಬುತ್ತಾನೆ. ಮೂರನೆಯವನು ಆ ಊಹೆಯನ್ನೇ ಪಾಠವೆಂದು ನಂಬುತ್ತಾನೆ. ಅಡಕಮಾಡಿದ ಚಿತ್ರವನ್ನು ಮತ್ತೆ ಅಡಕಮಾಡಿದಾಗಲೂ ಹೀಗೆಯೇ. ಹೋದ ನವುರನ್ನು ಹಿಂದಕ್ಕೆ ತರುವ ಯಂತ್ರವಿಲ್ಲ; ಇಂದಿನ ಬುದ್ಧಿವಂತ ಯಂತ್ರಗಳು ಚೆಲುವಾಗಿ ಊಹಿಸಬಲ್ಲವು, ಅಷ್ಟೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂದಿತು. ಇಂದು ನೋಡೋಣವೆಂದರೆ ಅದರ ಪ್ರತಿ ಸಿಗುವುದಿಲ್ಲ. ಮೂಲವನ್ನು ಕಾಯದವರು ಕಳೆದುಕೊಳ್ಳುವುದು ಹೀಗೆ.

ಮಗನ ಕಥೆ ಅಷ್ಟು ದುಃಖದಲ್ಲಿ ಮುಗಿಯಲಿಲ್ಲ. ಕೊನೆಯ ವಾರದ ಮೂಲ ರೆಕಾರ್ಡುಗಳು ಗೆಳೆಯನ ಕಂಪ್ಯೂಟರಿನಲ್ಲಿ ಉಳಿದಿದ್ದುವು. ಅವನ್ನು ತಂದು, ನಮ್ಮ ಹಳೆಯ ಯಂತ್ರದಲ್ಲಿಯೇ ಪ್ರಾಕ್ಸಿಯ ಮೇಲೆ ಹೊಸದಾಗಿ ಕೆಲಸ ಮಾಡಿದ. ಚಿತ್ರ ನೀರಿನಂತೆ ಓಡಿತು. ಹೊಸ ಕಂಪ್ಯೂಟರಿಗೆ ಬದಲಾಗಿ ಮೂಲಗಳನ್ನು ಇಡುವುದಕ್ಕೆ ಒಂದು ಡಿಸ್ಕನ್ನು ಕೊಂಡುಕೊಟ್ಟೆ. ಮೊದಲ ಎರಡು ವಾರದ್ದು ಮಾತ್ರ ಆ ಕಲಸಿದ ರೂಪದಲ್ಲಿಯೇ ಉಳಿಯಿತು. “ಅಪ್ಪ, ಈ ಮಸುಕಾದ ಭಾಗವನ್ನು ತೆಗೆದುಹಾಕಿಬಿಡಲೆ?” ಎಂದು ಕೇಳಿದ.

“ಬೇಡ, ಇರಲಿ” ಎಂದೆ. ಗ್ರಂಥಪಾತವಾದ ಕಡೆ ಸಂಪಾದಕರು ಚುಕ್ಕೆಗಳನ್ನಿಟ್ಟು ಮುಂದೆ ಹೋಗುತ್ತಾರೆಯೇ ಹೊರತು ಪದ್ಯವನ್ನೇ ಕಿತ್ತುಹಾಕುವುದಿಲ್ಲ. ರಥದ ಅಡಿಪಾಯವನ್ನು ಇಬ್ಬರೂ ಸೇರಿ ಹಾಕಿದುದು ಆ ಮಸುಕಿನಲ್ಲಿದೆ. ಗೆಳೆಯ ಊರು ಬಿಡುವ ದಿನ ಚಿತ್ರವನ್ನು ಒಯ್ದ. ಡಿಸ್ಕು ನಮ್ಮ ಮನೆಯಲ್ಲಿ, ಅಜ್ಜನ ದಫ್ತರದ ಪಕ್ಕದಲ್ಲಿದೆ. ಅದರ ಮೇಲೆ ಮಗ ಇಬ್ಬರ ಹೆಸರನ್ನೂ ಪೂರ್ತಿಯಾಗಿ ಬರೆದಿದ್ದಾನೆ.